ಅರ್ಧ ಸುತ್ತು

"ಏಯ್ ಏಯ್, ನಿಲ್ಲಮ್ಮಾ! ಎಮ್ಮೆ ಥರ ನುಗ್ತೀಯಲ್ಲ, ಅದನ್ನ ದಾಟ್ಬಾರ್ದು!"

ಎತ್ತಿದ ಕಾಲನ್ನು ಶಿಲ್ಪಾ ಹಾಗೇ ಹಿಂದಕ್ಕೆಳೆದುಕೊಂಡಳು. ಗರ್ಭಗುಡಿಯ ಉತ್ತರದ ಗೋಡೆಯಿಂದ ಅಭಿಷೇಕದ ನೀರು ಹೊರಬಂದು, ಗೇಣಗಲದ ಕಲ್ಲುಕಾಲುವೆಯಲ್ಲಿ ಸಣ್ಣಗೆ ಹರಿಯುತ್ತಿತ್ತು. ಪಕ್ಕದಲ್ಲೇ ಹೂ ಕಟ್ಟುತ್ತ ಕೂತಿದ್ದ ಗಂಗಲಕ್ಷ್ಮಮ್ಮ ಕಣ್ಣು ಬಿಡುತ್ತಿದ್ದಳು.

"ಒಂದ ಹೆಜ್ಜಿ ಅಲ್ರಿ ಆಂಟಿ. ಸುತ್ತು ಪೂರಾ ಆಗಬ್ಯಾಡೇನ್ರಿ?"

"ಈಶ್ವರನ ಗುಡೀಲಿ ಪೂರ್ತಿ ಸುತ್ತು ಹಾಕಲ್ಲ ಕಣಮ್ಮಾ. ಬಂದ ದಾರೀಲೇ ವಾಪಸ್ ಹೋಗಿ, ನಂದಿ ಮುಂದೆ ಹಾದು, ಅಗೋ, ಕಾಲುವೆ ಆಚೆ ಚಂಡಿಕೇಶ್ವರನ ಹತ್ರ ಬಾ. ಅಲ್ಲಿಂದ ಮತ್ತೆ ವಾಪಸ್ ನಂದಿಗೆ. ಅದೇ ಒಂದು ಸುತ್ತು. ದಾಟ್ದೋರು ತಿರುಗಿ ಬರಲ್ಲ ಅಂತಿದ್ರು ನಮ್ಮತ್ತೆ."

ಶಿಲ್ಪಾ ಕಾಲುವೆಯಿಂದ ಇನ್ನೆರಡು ಹೆಜ್ಜೆ ಹಿಂದಕ್ಕೆ ಸರಿದಳು. ರಾಜಾಜಿನಗರದ ಆಸ್ಪತ್ರೆಯಲ್ಲಿ ಅವಳ ಅವ್ವ ದಾನಮ್ಮನನ್ನು ಹೃದಯದ ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗಿ ಒಂದು ಗಂಟೆಯಾಗಿತ್ತು. ಬಾಗಿಲಲ್ಲಿ ಅಣ್ಣ ಶ್ರೀಶೈಲನನ್ನು ಕೂರಿಸಿ, ಇಪ್ಪತ್ತೊಂದು ಸುತ್ತಿನ ಹರಕೆ ಹೊತ್ತು ವಿಜಯನಗರದ ಈ ಗುಡಿಗೆ ಓಡಿಬಂದಿದ್ದಳು.

ನಂದಿ, ಗಣಪತಿ, ದಕ್ಷಿಣಾಮೂರ್ತಿ, ಗುಡಿಯ ಹಿಂಬದಿಗೆ ಸುಬ್ರಹ್ಮಣ್ಯ, ಕಾಲುವೆ. ತಿರುಗು. ಸುಬ್ರಹ್ಮಣ್ಯ, ದಕ್ಷಿಣಾಮೂರ್ತಿ, ಗಣಪತಿ, ನಂದಿ, ಚಂಡಿಕೇಶ್ವರ, ಕಾಲುವೆ. ತಿರುಗು. ಹದಿನೈದರ ಹೊತ್ತಿಗೆ ಕಾಲುಗಳು ತಮ್ಮಷ್ಟಕ್ಕೆ ತಾವೇ ನಡೆಯುತ್ತಿದ್ದವು.

ಹತ್ತೊಂಬತ್ತನೇ ಸುತ್ತಿನಲ್ಲಿ ಕಾಲುವೆಯ ಹತ್ತಿರ ಬಂದು ತಲೆಯೆತ್ತಿದರೆ, ಆಚೆ ದಡದಲ್ಲಿ ಚಂಡಿಕೇಶ್ವರನ ಪುಟ್ಟ ಗುಡಿಗೆ ಒರಗಿಕೊಂಡು ಅವ್ವ ನಿಂತಿದ್ದಾಳೆ! ಆಸ್ಪತ್ರೆಯ ಹಸಿರು ನಿಲುವಂಗಿ, ಬಿಚ್ಚಿದ ಕೂದಲು, ಮುಂಗೈಯಲ್ಲಿ ಅಂಟಿಸಿದ ಹತ್ತಿ.

"ಅವ್ವಾ! ನೀ ಯಾವಾಗ ಬಂದಿ?"

"ಅವಾಗಿಂದ ನಿನ್ನ ಹಿಂದ ಓಡಿ ಓಡಿ ಸಾಕಾತು. ಕೈ ಕೊಡು, ಆ ಕಡೆ ಬರ್ತೀನಿ."

ಶಿಲ್ಪಾಳ ಕೈ ತಾನಾಗಿಯೇ ಮೇಲೆದ್ದಿತು. ನೀರಿನ ಮೇಲೆ ಬಂದದ್ದೇ ತಡ, ಬೆರಳ ತುದಿಗಳು ಮರಗಟ್ಟಿದವು. ಸರಕ್ಕನೆ ಎಳೆದುಕೊಂಡಳು.

"ಬ್ಯಾಡವ್ವಾ, ದಾಟಬಾರದಂತ. ಬಂದ ಹಾದೀಲೇ ಹೊಳ್ಳಿ ಹೋಗು."

"ಕಾಲು ಸೋತಾವ ಮಗಳ."

"ಹೋಗಂದ್ರ ಹೋಗು!"

ಹುಟ್ಟಿದಾಗಿನಿಂದ ಅವ್ವನನ್ನು ಹೀಗೆ ಗದರಿದವಳಲ್ಲ. ದಾನಮ್ಮನ ಮುಖ ಸಣ್ಣದಾಯಿತು. ಬಾಗಿಲಲ್ಲೇ ಬೈಸಿಕೊಂಡ ನೆಂಟರ ಹಾಗೆ ಮೆಲ್ಲಗೆ ತಿರುಗಿ, ನಂದಿಯ ಕಡೆ ಹೊರಟುಹೋದಳು.

"ಯಾರನ್ನಮ್ಮಾ ಬೈತಿದೀಯ, ಒಬ್ಬಳೇ ನಿಂತ್ಕೊಂಡು?" ಗಂಗಲಕ್ಷ್ಮಮ್ಮ ಹಲ್ಲಲ್ಲಿ ದಾರ ಕಡಿಯುತ್ತ ಕೇಳಿದಳು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಶ್ರೀಶೈಲ ಬಿಕ್ಕುತ್ತಿದ್ದ.

"ಶಿಲ್ಪಾ, ಅವ್ವನ ಎದಿ ಎರಡು ನಿಮಿಷ ನಿಂತೇಬಿಟ್ಟಿತ್ತಂತ! ಈಗ ಮತ್ತ ಬಡೀಲಿಕತ್ತೈತಿ. ಡಾಕ್ಟರೇ ಹೊರಗ ಬಂದು ಹೇಳಿದರು. ನಮ್ಮವ್ವಗ ನಾವಾದರೂ ಅದೀವಿ. ಬಾಜೂ ಆಪರೇಷನ್ ಥೇಟರ್‌ನಾಗಿನ ಅಜ್ಜಗ ಕಾಯಾಕ ಒಬ್ಬರೂ ಇಲ್ಲ, ಪಾಪ."

ಕಲ್ಲಿನ ಮೇಲೆ ಕೂತು ಶಿಲ್ಪಾ ಮನಸಾರೆ ಅತ್ತಳು. ಮುಖ ಒರೆಸಿಕೊಂಡು, ಉಳಿದ ಸುತ್ತು ಮುಗಿಸಲು ಎದ್ದಳು. ನಂದಿ, ಗಣಪತಿ, ದಕ್ಷಿಣಾಮೂರ್ತಿ, ಸುಬ್ರಹ್ಮಣ್ಯ.

ಕಾಲುವೆಯ ಆಚೆ ಹಸಿರು ನಿಲುವಂಗಿಯ ಮುದುಕನೊಬ್ಬ ನಿಂತು, ಯಾರಾದರೂ ಇದ್ದಾರೇನೋ ಎಂದು ಅತ್ತಿತ್ತ ನೋಡುತ್ತಿದ್ದ. ಹೆಸರು ಹಿಡಿದು ಕೂಗೋಣವೆಂದರೆ ಅವಳಿಗೆ ಹೆಸರು ಗೊತ್ತಿಲ್ಲ. "ಅಜ್ಜಾ" ಎನ್ನುವ ಮಾತು ಗಂಟಲಲ್ಲಿರುವಾಗಲೇ, ಅಂಚು ನೆನೆಯದಂತೆ ನಿಲುವಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಅವನು ದಾಟಿಬಿಟ್ಟ.