ಚಟ್ಟ ಇಳಿಸುವ ಜಾಗ

ನಮ್ಮೂರಿನ ಕಾಲುದಾರಿಗಳು ಹೆಜ್ಜೆ ತಿಂದು ಬೆಳೆಯುತ್ತವೆ. ತುಳಿದತ್ತ ದಿನಕ್ಕೊಂದು ಗೇಣು ಹೊರಳುತ್ತವೆ, ಅಡ್ಡ ಬಂದ ಗೋಡೆಯನ್ನೂ ನಿಧಾನಕ್ಕೆ ಕರಗಿಸುತ್ತವೆ. ಅವನ್ನು ಮೇಯಿಸುವ ಪಂಚಾಯಿತಿ ನೌಕರ ನಾನು.

ಹೋದ ವರ್ಷ ಕಲ್ಲನಗೌಡರು ಸ್ಮಶಾನದ ದಾರಿಗೆ ಮುಳ್ಳುಬೇಲಿ ಹಾಕಿದರು. ಮರುದಿನ ನಮ್ಮವ್ವ ತೀರಿಕೊಂಡಳು. ಬೇಲಿ ತೆಗೆಯಿರೆಂದು ಕಾಲು ಹಿಡಿದೆ.

"ಹಳ್ಳ ಸುತ್ತಿ ಹೋಗಲೇ ಯಮನೂರ್ಯಾ. ಸತ್ತಾಕಿಗೇನ ಅವಸರ?" ಎಂದರು.

ಅವ್ವನನ್ನು ಹೊತ್ತು ಸುತ್ತಿಯೇ ಹೋದೆವು. ಅಂದಿನಿಂದ ಸ್ಮಶಾನದ ದಾರಿಯನ್ನು ದಿನಾ ತುಳಿದು ಗೌಡರ ಮನೆಯತ್ತ ಮೇಯಿಸತೊಡಗಿದೆ.

ಈಗದು ಅವರ ಪಡಸಾಲೆಯ ನಡುವೆ ಹಾದುಹೋಗುತ್ತದೆ. ಹೆಣ ಹೊತ್ತವರು ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ ದಣಿವಾರಿಸಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಆ ಅರ್ಧ ಸರಿಯಾಗಿ ಗೌಡರ ತೂಗುಮಂಚದ ಮುಂದೆ ಬರುವಂತೆ ನಾನೇ ಹಗ್ಗ ಹಿಡಿದು ಅಳೆದಿದ್ದೇನೆ.

ನಿನ್ನೆ ಗೌಡರು ಊಟಕ್ಕೆ ಕೂತಾಗ ಈ ತಿಂಗಳ ಮೂರನೆಯ ಚಟ್ಟ ಬಂತು. ಹೊತ್ತವರು ಇಳಿಸಿ, ಬೀಡಿ ಹಚ್ಚಿದರು. ಜೊತೆಗೆ ಬಂದಿದ್ದ ನನ್ನ ಕಡೆ ಗೌಡರು ತಾಟು ಬಿಟ್ಟು ಓಡಿಬಂದರು.

"ಕೈ ಮುಗೀತೀನಿ ಯಮನೂರಪ್ಪ, ದಾರಿ ಅತ್ತಾಗ ತಿರವಪಾ."

"ತಿರವೂಣ್ರಿ ಗೌಡ್ರ, ದಿನಕ್ಕೊಂದು ಗೇಣು," ಎಂದೆ. ಆಮೇಲೆ ಹೊತ್ತವರ ಕಡೆ ತಿರುಗಿದೆ. "ಸಾವಕಾಶ ಸೇದ್ರಪಾ. ಸತ್ತವ್ರಿಗೇನ ಅವಸರ?"