ಅತ್ತೆ ಉಸಿರು ಹಿಡಿದದ್ದು

ಅತ್ತೆ ಮತ್ತೆ ನಕ್ಕರು. ಎಂ.ಆರ್.ಐ. ಯಂತ್ರದ ಕೊಳವೆಯೊಳಗೆ ಅಲುಗಾಡದೆ ಮಲಗಬೇಕಾದವರು, ಹೊಟ್ಟೆ ಕುಲುಕಿಸಿಕೊಂಡು ನಕ್ಕರು. ಗಾಜಿನ ಈಚೆ ಟೆಕ್ನಿಷಿಯನ್ ಹಣೆ ಚಚ್ಚಿಕೊಂಡ. ಪರದೆಯ ಮೇಲಿನ ಚಿತ್ರ ಕಲಸಿದ ಹಿಟ್ಟಿನಂತಾಗಿತ್ತು.

"ಅಮ್ಮಾ, ಸ್ಪೀಕರಲ್ಲಿ ಆ ರೆಕಾರ್ಡಿಂಗ್ ಹೆಂಗಸು 'ಉಸಿರು ಬಿಗಿಹಿಡಿಯಿರಿ' ಅಂದಾಗ ಹಿಡೀಬೇಕು. ನಗೋದಲ್ಲ! ಎಂಟು ವರ್ಷದಿಂದ ಆ ಧ್ವನಿಗೆ ನಾನೇ ಹೆದರ್ತೀನಿ."

"ಭಾರಿ ಜೋರಿನವಳು ಕಣಪ್ಪ," ಒಳಗಿನಿಂದ ಅತ್ತೆಯ ಮಾತು ಬಂತು. "ಅವಳ ಗಂಡ ಪಾಪ, ಹೇಗೆ ಬಾಳಿದನೋ!"

ಪರದೆಯ ಮುಂದೆ ಕೂತಿದ್ದ ಡಾಕ್ಟರಮ್ಮ, ಪಕ್ಕದಲ್ಲಿದ್ದ ಸೊಸೆಯತ್ತ ಬಾಗಿ ಮೆಲ್ಲಗೆ ಕೇಳಿದರು. "ಮನೇಲೂ ಹೀಗೆ ಕಾರಣ ಇಲ್ಲದೆ ನಗ್ತಾರಾ? ಲಿವರ್ ಕೆಟ್ಟಾಗ ಕೆಲವರಿಗೆ ಬುದ್ಧಿಗೆ ಮಂಕು ಕವಿಯುತ್ತೆ."

"ಮನೇಲಿ ನಾನು ನಕ್ಕರೆ ಯಾಕೆ ಅಂತ ಕೇಳೋರು ಅವರು," ಎಂದಳು ಸೊಸೆ.

ಮದುವೆಯಾಗಿ ಎರಡೇ ವರ್ಷ. ನಾಡಿದ್ದು ಅವಳ ಯಕೃತ್ತಿನ ಒಂದು ಭಾಗ ಅತ್ತೆಗೆ ಹೋಗಬೇಕಿತ್ತು. "ನನ್ನ ತಲೆ ತಿಂದಾಯ್ತು, ಲಿವರ್ ಒಂದು ಬಾಕಿ ಇತ್ತು," ಎಂದು ಬೆಳಿಗ್ಗೆ ಅವಳೇ ಅತ್ತೆಯ ಜಡೆ ಹೆಣೆಯುತ್ತ ಹೇಳಿದ್ದಳು. ಆದರೆ ನಿನ್ನೆ ಯಕೃತ್ತಿನ ದೊಡ್ಡ ರಕ್ತನಾಳದಲ್ಲಿ ಒಂದು ಹೆಪ್ಪು ಕಂಡಿತ್ತು. ಬರೀ ರಕ್ತದ ಹೆಪ್ಪಾದರೆ ಸರಿ. ಯಕೃತ್ತಿನಲ್ಲಿದ್ದ ಸಣ್ಣ ಕ್ಯಾನ್ಸರ್ ಗಂಟು ಅಲ್ಲಿಗೂ ನುಸುಳಿದ್ದರೆ ಕಸಿ ಇಲ್ಲ.

"ಈಗ ತೋಳಿಗೆ ಔಷಧಿ ಬಿಡ್ತೀವಿ," ಎಂದರು ಡಾಕ್ಟರಮ್ಮ. "ಕ್ಯಾನ್ಸರ್ ಆದರೆ ಅದನ್ನ ಕುಡಿದು ಬೆಳ್ಳಗೆ ಹೊಳೆಯುತ್ತೆ. ಬರೀ ಹೆಪ್ಪಾದರೆ ಕಪ್ಪಗೇ ಇರುತ್ತೆ. ಆದರೆ ಆ ಕ್ಷಣ ಒಂದೇ ಸಲ ಬರೋದು. ಆಗ ನಕ್ಕರೆ ನಾಡಿದ್ದಿನ ಆಪರೇಷನ್ ಮರೆತುಬಿಡಿ."

ಟೆಕ್ನಿಷಿಯನ್ ಮೈಕಿಗೆ ಬಾಯಿ ಹಚ್ಚಿದ. "ಅಮ್ಮಾ, ಮೊದಲು ಏನು ಕೆಲಸದಲ್ಲಿದ್ರಿ?"

"ಜನ ತಪ್ಪದೆ ಕೇಳೋ ಹಾಗೆ ಹೇಳೋ ಕೆಲಸ."

"ಈಗಲೂ ಅದೇ," ಸೊಸೆ ಗೊಣಗಿದಳು.

"ಹಾಗಾದ್ರೆ ಇದೊಂದು ಸಲ ನೀವೂ ಆ ಹೆಂಗಸಿನ ಮಾತು ಕೇಳಿ."

"ಆಯ್ತಪ್ಪ. ಪಾಪ, ಅವಳ ಕೈಲೂ ಗಂಟಲು ಒಣಗೋ ತನಕ ಹೇಳಿಸಿರ್ತಾರೆ. ಒಂದು ಲೋಟ ನೀರೂ ಕೊಟ್ಟಿರಲ್ಲ."

ಡಾಕ್ಟರಮ್ಮನ ಹುಬ್ಬು ಇನ್ನಷ್ಟು ಗಂಟಿಕ್ಕಿತು.

ಔಷಧಿ ಹೋಯಿತು. 'ಉಸಿರು ಬಿಗಿಹಿಡಿಯಿರಿ,' ಎಂದಿತು ಧ್ವನಿ, ಒಂದೊಂದು ಅಕ್ಷರವನ್ನೂ ತೊಳೆದು ಒರೆಸಿಟ್ಟ ಹಾಗೆ. ಅತ್ತೆ ಹಿಡಿದರು. ಈಚೆ ಸೊಸೆಯೂ ಹಿಡಿದಳು. ಯಂತ್ರ ಗಡಗಡ ಬಡಿದುಕೊಂಡಿತು. 'ಈಗ ಉಸಿರು ಬಿಡಬಹುದು.'

ಚಿತ್ರ ಕನ್ನಡಿಯಷ್ಟು ನಿಚ್ಚಳ. ಮತ್ತೊಂದು, ಇನ್ನೊಂದು. ಸುತ್ತ ಯಕೃತ್ತು ಮೆಲ್ಲಗೆ ಬೆಳಗಿತು. ಹೆಪ್ಪು ಮಾತ್ರ ಕಪ್ಪು. ಕೊನೆಯ ಚಿತ್ರದಲ್ಲೂ ಕಪ್ಪು.

"ಕಾಡಿಗೆ! ಅಪ್ಪಟ ಕಾಡಿಗೆ!" ಡಾಕ್ಟರಮ್ಮ ಕುರ್ಚಿಯಲ್ಲೇ ಗಿರ್ರನೆ ಒಂದು ಸುತ್ತು ತಿರುಗಿದರು. "ಬರೀ ಹೆಪ್ಪು. ನಾಡಿದ್ದು ಹೊತ್ತಿಗೆ ಸರಿಯಾಗಿ ಬನ್ನಿ, ಇಬ್ಬರೂ."

ಟೆಕ್ನಿಷಿಯನ್ ಎಲ್ಲವನ್ನೂ ಆರಿಸಿ, ಅತ್ತೆಯನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಂದ. ಸೊಸೆ ಓಡಿ ಬಂದು ತಬ್ಬಿಕೊಂಡಳು. ಏನೋ ಹೇಳಹೋದಳು. ಆಗಲಿಲ್ಲ. ಬಾಯಿ ತೆರೆದಿತ್ತು, ಮುಖ ಕೆಂಪಾಗಿತ್ತು, ಉಸಿರು ಎದೆಯಲ್ಲೇ ಸಿಕ್ಕಿಕೊಂಡಿತ್ತು.

ಅತ್ತೆ ಅವಳ ಬೆನ್ನು ಸವರಿದರು. ನೆಟ್ಟಗೆ ಕುಳಿತರು. ಗಂಟಲು ಸರಿಮಾಡಿಕೊಂಡರು.

"ಈಗ ಉಸಿರು ಬಿಡಬಹುದು," ಎಂದರು, ಒಂದೊಂದು ಅಕ್ಷರವನ್ನೂ ತೊಳೆದು ಒರೆಸಿಟ್ಟ ಹಾಗೆ.

ಟೆಕ್ನಿಷಿಯನ್ ಬೆಚ್ಚಿ ಸ್ಪೀಕರಿನತ್ತ ತಿರುಗಿದ; ಅದನ್ನು ಅವನೇ ಆಗಲೇ ಆರಿಸಿದ್ದ.