ಮನೆ ಪಾಲಿನ ಹರಿವೆ

"ಕೊಯ್ಯೋದು ನಿಲ್ಲಿಸಿ," ಎಂದಳು ಚೈತ್ರಾ, ಬೇಲಿ ದಾಟುವ ಮೊದಲೇ.

ಬೀರಿ ಕೆಂಪು ಹರಿವೆಯ ಕಟ್ಟು ಹಿಡಿದುಕೊಂಡೇ ಎದ್ದು ನಿಂತಳು. ಅಂಕೋಲೆಯ ಪೇಟೆಗೆ ಹೊರಡುವ ಹೊತ್ತು. ಕಳೆದ ತಿಂಗಳು ಕಾರವಾರದಿಂದ ಬಂದು, ಅವರ್ಸಾದ ಈ ಹಿತ್ತಲಿನ ಮಣ್ಣನ್ನೂ ಸೊಪ್ಪನ್ನೂ ಪರೀಕ್ಷೆಗೆ ಒಯ್ದಿದ್ದ ಸಂಶೋಧನೆಯ ಹುಡುಗಿ ಇವಳೇ.

"ಮಣ್ಣಲ್ಲಿ ಸೀಸ ಇದೆ ಅಮ್ಮಾ. ತುಂಬಾ. ಇಲ್ಲಿ ಮೊದಲು ಏನಿತ್ತು?"

"ಶೆಡ್ ಇತ್ತು. ಬೋಟಿನ ಹಳೇ ಬ್ಯಾಟರಿ ಒಡ್ದು, ಸೀಸ ಕರಗ್ಸಿ, ಬಲೆಗೆ ಕಟ್ಟೂ ಗುಂಡು ಎರೀತಿದ್ರು. ಅದು ಮುಚ್ಚಿ ಯಾವ ಕಾಲ ಆಯ್ತು!" ಬೀರಿ ಕಟ್ಟನ್ನು ಕೆಳಗೆ ಹಾಕಿದಳು. "ಅಯ್ಯೋ ದೇವ್ರೆ, ಪ್ಯಾಟಿ ಮಂದಿಗೆಲ್ಲ ನಾನು ವಿಷ ತಿನ್ಸಿದ್ನೇ?"

"ಇಲ್ಲ. ಅದೇ ಆಶ್ಚರ್ಯ." ಚೈತ್ರಾ ಮುಂದಿನ ದೊಡ್ಡ ಪಾತಿಯತ್ತ ಕೈ ತೋರಿಸಿದಳು. ಅಲ್ಲಿ ಹರಿವೆ ಸೊಂಪಾಗಿ ಎದ್ದಿತ್ತು. "ಈ ಸೊಪ್ಪಿನಲ್ಲಿ ಸೀಸ ಮಿತಿಯೊಳಗೇ ಇದೆ. ಕೊಟ್ಟಿಗೆ ಗೊಬ್ಬರ ಧಾರಾಳ ಹಾಕಿದ್ದೀರಿ. ಅದು ಸೀಸವನ್ನು ಮಣ್ಣಲ್ಲೇ ಹಿಡಿದಿಟ್ಟಿದೆ, ಬೇರಿಗೆ ಹೆಚ್ಚು ಬಿಟ್ಟುಕೊಟ್ಟಿಲ್ಲ. ಆದರೂ ಇನ್ನು ಇಲ್ಲಿ ಬೆಳೀಬೇಡಿ. ಮಣ್ಣಿನ ಸೀಸ ಎಲ್ಲಿಗೂ ಹೋಗಿಲ್ಲ."

ಬೀರಿ ಕೊಟ್ಟಿಗೆಯ ಎಮ್ಮೆಯತ್ತ ತಿರುಗಿ ನಕ್ಕಳು. "ಕೇಳ್ದೇನೇ? ಹಾಲು ಕೊಡೂದಿಲ್ಲ ಅಂತ ನಿಂಗೆ ದಿನಾ ಬಯ್ತಿದ್ನಲ್ಲೆ! ನನ್ನ ಮಾನ ಉಳಿಸ್ದೆ ಮಾರಾಯ್ತಿ!"

ಎಮ್ಮೆ ತಲೆ ಎತ್ತಲಿಲ್ಲ. ಚೈತ್ರಾ ನಗಲಿಲ್ಲ. "ಗೋಡೆ ಬದಿಯ ಸಣ್ಣ ಪಾತಿಗೆ ಗೊಬ್ಬರ ಹಾಕಿಲ್ಲ, ಅಲ್ವಾ?"

"ಎಲ್ಲಿಂದ ಹಾಕೂದು ತಂಗಿ? ಇರೂದು ಒಂದೇ ಎಮ್ಮೆ. ಪ್ಯಾಟಿ ಪಾತಿಗೇ ಸಾಲೂದಿಲ್ಲ."

"ಆ ಸೊಪ್ಪಿನಲ್ಲಿ ಸೀಸ ಮಿತಿಗಿಂತ ಎಷ್ಟೋ ಪಟ್ಟು ಇದೆ. ಅದನ್ನು ಯಾರಿಗೆ ಮಾರ್ತೀರಿ?"

"ಆ ಮುರುಟಿದ್ದನ್ನ ಯಾರು ತಕಂತಾರೆ? ಚೊಲೋದು ಪ್ಯಾಟಿಗೆ, ಉಳ್ದದ್ದು ಮನೆ..."

ಬೀರಿ ಬಾಗಿಲ ಕಡೆ ನೋಡಿದಳು. "ನನ್ನ ಸೊಸೆ ಬಸುರಿ. ರಕ್ತ ಕಮ್ಮಿ ಅದೆ, ಸೊಪ್ಪು ತಿನ್ಸಿ ಅಂದಿದ್ರು ಆಸ್ಪತ್ರೇಲಿ. ಎರಡೂ ಹೊತ್ತು ತಿನ್ಸಿದೆ. ಆದ್ರೂ ರಕ್ತ ಏರ್ಲೇ ಇಲ್ಲ. ಅದಕ್ಕೆ ಮತ್ತೂ ಜಾಸ್ತಿ ತಿನ್ಸಿದೆ."

ಚೈತ್ರಾ ಬೀರಿಯ ಹತ್ತಿರ ಬಂದಳು. "ಸೀಸ ರಕ್ತ ಆಗೋದಕ್ಕೆ ಬಿಡೋದಿಲ್ಲ. ಹೊಟ್ಟೆಯೊಳಗಿನ ಮಗುವಿಗೂ ಹೋಗ್ತದೆ. ಈಗಲೇ ಅವರನ್ನು ಆಸ್ಪತ್ರೆಗೆ ಕರ್ಕೊಂಡು ಹೋಗೋಣ. ನಾನೂ ಬರ್ತೇನೆ."

ಅಷ್ಟರಲ್ಲಿ ಸೊಸೆ ಸಂಧ್ಯಾ ಒಂದು ಕೈಯಲ್ಲಿ ಸೊಂಟ ಹಿಡಿದು ಹೊಸ್ತಿಲಿಗೆ ಬಂದಳು. ಇನ್ನೊಂದು ಕೈಯಲ್ಲಿ ಗಂಜಿಯ ಬಟ್ಟಲು. ಅತ್ತೆಗೆ ಕಾಣುವಂತೆ ಅದನ್ನು ಓರೆ ಮಾಡಿದಳು. ತಳದಲ್ಲಿ ಹರಿವೆಯ ಕೆಂಪು ನೀರಷ್ಟೇ ಉಳಿದಿತ್ತು.

"ನೋಡಿ ಅತ್ತೆ, ಇವತ್ತು ಒಂದೆಲೆ ಸಹ ಬಿಡ್ಲಿಲ್ಲ. ಇನ್ನಾದ್ರೂ ಬಯ್ಬೇಡಿ."